ತಮ್ಮನ ಎದೆಯುರಿ ಮತ್ತು ಬಳಪದ ಚೂರು

ನನ್ನ ತಮ್ಮ ದರ್ಜಿ. ನಮ್ಮಪ್ಪನೂ ದರ್ಜಿಯೇ. ಅಪ್ಪ ಬಟ್ಟೆ ಕತ್ತರಿಸುತ್ತಿದ್ದ ಮೇಜಿನ ಮೇಲೆಯೇ ತಮ್ಮ ಮೂವತ್ತು ವರ್ಷದಿಂದ ಬೆನ್ನು ಬಗ್ಗಿಸಿದ್ದಾನೆ. ಮೇಜಿನ ಜೊತೆಗೆ ಅಪ್ಪನ ಎದೆಯುರಿಯೂ ಅವನ ಪಾಲಿಗೆ ಬಂತು. ಉಂಡು ಕೈ ತೊಳೆದವನೇ ಬಟ್ಟೆಯ ಮೇಲೆ ಬಗ್ಗಿದರೆ ಹುಳಿನೀರು ಗಂಟಲಿಗೇ ಬರುತ್ತಿತ್ತು. ಆಗ ಬಟ್ಟೆಗೆ ಗುರುತು ಹಾಕುವ ಬಳಪದ ಮೂಲೆ ಕಚ್ಚಿ ಚಪ್ಪರಿಸುತ್ತಿದ್ದ. ಅದೂ ಅಪ್ಪನನ್ನು ನೋಡಿ ಕಲಿತದ್ದು. ಉರಿ ಸ್ವಲ್ಪ ತಗ್ಗುತ್ತಿತ್ತಂತೆ.

"ಹೀಗೇ ಆದ್ರೆ ಗಿರಾಕಿಗಳ ಅಳತೆನೂ ನುಂಗಿಬಿಡ್ತೀರ," ಎಂದು ಅವನ ಹೆಂಡತಿ ಹಂಗಿಸುತ್ತಿದ್ದಳು.

ಅಪ್ಪ ಕೊನೆಗೆ ತುತ್ತು ಇಳಿಯದೆ, ಆಮೇಲೆ ನೀರೂ ಇಳಿಯದೆ ಹೋದರು. ಅನ್ನನಾಳದಲ್ಲಿ ಗಡ್ಡೆ. ಗೊತ್ತಾಗುವ ಹೊತ್ತಿಗೆ ಕೈಮೀರಿತ್ತು.

ಹೋದ ವರ್ಷ ತಮ್ಮನೂ ಒಂದೊಂದು ತುತ್ತಿಗೆ ಒಂದೊಂದು ಗುಟುಕು ನೀರು ಕುಡಿಯುವುದು ನನ್ನ ಕಣ್ಣಿಗೆ ಬಿತ್ತು. ಕೇಳಿದರೆ ಏನಿಲ್ಲ ಎಂದ. ಬಲವಂತ ಮಾಡಿ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ತುತ್ತು ಸಿಕ್ಕಿಕೊಳ್ಳುತ್ತಿದೆ ಎಂದಮೇಲೆ ಬರೀ ಮಾತ್ರೆ ಕೊಟ್ಟು ಕಳಿಸಲಾಗುವುದಿಲ್ಲ, ಬಾಯಿಂದ ಕ್ಯಾಮೆರಾ ಇರುವ ಸಣ್ಣ ಕೊಳವೆ ಇಳಿಸಿ ಒಳಗೆ ನೋಡಬೇಕು, ಎಂಡೋಸ್ಕೋಪಿ ಮಾಡಬೇಕು ಎಂದರು. ತಮ್ಮ ಮೂರು ಸಲ ತಾರೀಕು ಮುಂದೆ ಹಾಕಿದ. ಬಟ್ಟೆ ಕೊಡುವ ತಾರೀಕು ಮುಂದೆ ಹಾಕಿ ಪಳಗಿದ ಕೈ. ಅಪ್ಪನ ಕಾಯಿಲೆಯೇ ಕಂಡುಬಿಟ್ಟರೆ ಎಂಬ ಭಯ ಅವನಿಗೆ. ನನಗೂ ಅದೇ ಇತ್ತು.

ನಾಲ್ಕನೆಯ ಸಲ ನಾನೇ ಜೊತೆಗೆ ಹೊರಟೆ. ರಾತ್ರಿಯಿಂದ ಏನಾದರೂ ತಿಂದಿರಾ, ಕುಡಿದಿರಾ ಎಂದು ನರ್ಸಮ್ಮ ಎರಡೆರಡು ಸಲ ಕೇಳಿದಳು. ಎರಡು ಸಲವೂ ಇಲ್ಲವೆಂದು ತಲೆಯಾಡಿಸಿದ. ಗಂಟಲು ಮರಗಟ್ಟುವ ಔಷಧಿ ಹೊಡೆದು ಒಳಗೆ ಕರೆದುಕೊಂಡು ಹೋದರು. ಹೋದಷ್ಟೇ ಬೇಗ ಹೊರಗೆ ಕಳಿಸಿದರು. ಡಾಕ್ಟರ್ ಇಬ್ಬರನ್ನೂ ಕರೆದರು.

"ಒಳಗೆಲ್ಲ ಬೆಳ್ಳಗೆ ಮೆತ್ತಿಕೊಂಡಿದೆ, ಏನೂ ಕಾಣ್ತಿಲ್ಲ. ಏನು ತಿಂದ್ರಿ?"

ತಮ್ಮ ಅಂಗಿಯ ಜೇಬು ಮುಟ್ಟಿಕೊಂಡ. ಕಾಯುತ್ತ ಕೂತಾಗ ದಿಗಿಲಿಗೆ ಉರಿ ಎದ್ದಿತ್ತಂತೆ. ಒಂದಿಡೀ ಬಳಪ ಒಳಗೆ ಹೋಗಿತ್ತು.

"ಅದು ತಿನ್ನೋ ಪದಾರ್ಥ ಅಲ್ವಲ್ಲ ಸಾರ್," ಎಂದ.

ಡಾಕ್ಟರ್ ನಗಲಿಲ್ಲ. ವಾರ ಬಿಟ್ಟು ಬನ್ನಿ ಎಂದರು.

ಆ ವಾರ ಅವನು ಬಾಕಿ ಇದ್ದ ಬಟ್ಟೆಯನ್ನೆಲ್ಲ ಹೊಲಿದು, ಗುಂಡಿ ಹಾಕಿ, ಇಸ್ತ್ರಿ ಮಾಡಿಟ್ಟ. ಹೇಳಿದ ದಿನಕ್ಕೇ ಬಟ್ಟೆ ಸಿಕ್ಕಿತಲ್ಲ ಎಂದು ಗಿರಾಕಿಗಳು ಬೆರಗಾದರು. ನನಗೆ ಮಾತ್ರ ಎಲ್ಲ ಮುಗಿಸಿಟ್ಟು ಹೊರಟವನ ಹಾಗೆ ಕಂಡ.

ವಾರ ಬಿಟ್ಟು ಹೋದಾಗ ಒಳಗೆಲ್ಲ ಸ್ಪಷ್ಟವಾಗಿ ಕಂಡಿತು. ಅನ್ನನಾಳದ ಕೆಳತುದಿಯಲ್ಲಿ ಗೀರು ಗೀರಾಗಿ ಕೆಂಪು ಹುಣ್ಣು. ಆಮ್ಲ ಮೇಲೆ ಬರದಂತೆ ತಡೆಯುವ ಬಾಯಿ ಸಡಿಲವಾಗಿತ್ತು. ಒಂದು ಕಡೆ ಒಳಪದರದ ಬಣ್ಣವೇ ಬೇರೆ. ಅಲ್ಲಿಂದ ಸಾಸಿವೆಯಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ಹತ್ತು ದಿನ ಕಳೆದು ಡಾಕ್ಟರ್ ಹೇಳಿದರು: ಗಡ್ಡೆ ಅಲ್ಲ. ಆದರೆ ವರ್ಷಗಟ್ಟಲೆ ಆಮ್ಲ ತಾಗಿ ಪದರ ಬದಲಾಗಿದೆ. ಹಾಗೇ ಬಿಟ್ಟರೆ ಮುಂದೆ ಕೆಡಲೂಬಹುದು. ದಿನವೂ ಮಾತ್ರೆ, ಉಂಡ ಕೂಡಲೇ ಬಗ್ಗುವುದು ಬೇಡ. ಹುಣ್ಣು ಒಣಗಿದ ಮೇಲೆ ಇನ್ನೊಮ್ಮೆ ಕೊಳವೆ ಇಳಿಸಿ ನೋಡಬೇಕು, ಆಮೇಲೂ ಆಗಾಗ ನೋಡುತ್ತಿರಬೇಕು.

ನನಗೆ ಹೋದ ಜೀವ ಬಂದ ಹಾಗಾಯಿತು. ತಮ್ಮ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

"ಮೊದಲೇ ನೋಡಿದ್ರೆ ನಮ್ಮಪ್ಪನದೂ ಇದೇ ಥರ ಕಾಣ್ತಿತ್ತಾ ಸಾರ್?"

"ಕಾಣಬಹುದಿತ್ತು. ಖಂಡಿತ ಅಂತ ಹೇಳೋಕಾಗಲ್ಲ."

ಆಸ್ಪತ್ರೆಯ ಮೆಟ್ಟಿಲ ಮೇಲೆ ಅವನು ಕೂತ.

"ಅಕ್ಕಾ, ಅಪ್ಪನಿಗೂ ಈ ಪರೀಕ್ಷೆ ಬರೆದುಕೊಟ್ಟಿದ್ರು. ಅಂಗಡೀಲಿ ಕೆಲಸ ತುಂಬಿತ್ತು. ಆಮೇಲೆ ಹೋಗೋಣ ಅಂದವನು ನಾನೇ."

ಇಷ್ಟು ವರ್ಷ ಒಂದೇ ಬೀದಿಯಲ್ಲಿದ್ದರೂ ಈ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ಅವನ ಕೈಯಿಂದ ಚೀಟಿ ತೆಗೆದುಕೊಂಡು ಔಷಧಿ ಅಂಗಡಿಯ ಸಾಲಿನಲ್ಲಿ ನಿಂತೆ. ಮಾತ್ರೆ ಕೊಂಡು ಬಂದಾಗಲೂ ಅವನು ಅಲ್ಲೇ ಕೂತಿದ್ದ. ಪಕ್ಕದಲ್ಲಿ ಕೂತೆ.