ಎದುರು ಮನೆಯ ಮೊಳೆಗೆ ಕೊಟ್ಟ ಬೀಗದ ಕೈ

ಕೆ.ಆರ್. ಪೇಟೆ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ರಿಪೇರಿಗೆ ಬಿಟ್ಟಿದ್ದ ಲ್ಯಾಪ್‌ಟಾಪ್ ತರಲು ಹೋದಾಗ ಪರದೆಯ ಮೇಲೆ ನನ್ನ ದಿನಚರಿ ತೆರೆದಿತ್ತು. ಕೀಬೋರ್ಡ್ ಸರಿಯಾಯಿತೇ ಎಂದು ನೋಡಲು ಅಂಗಡಿಯಾತ ಕೈಗೆ ಸಿಕ್ಕ ಫೈಲು ತೆಗೆದಿದ್ದರಂತೆ. ಓದಿದರೋ ಇಲ್ಲವೋ, ಕೇಳಲಿಲ್ಲ. ಅಕ್ಕ ಹಾಸಿಗೆ ಹಿಡಿದಿದ್ದ ದಿನಗಳ ಪುಟ ಅದು. ಅವಳ ಕೆಮ್ಮು ಕೇಳಿದರೆ ಸಿಟ್ಟು ಬರುತ್ತದೆ ಎಂದು ಬರೆದಿದ್ದೆ.

"ಇದ್ಕೊಂದು ಬೀಗನೇ ಇಲ್ವಲ್ಲ ಮೇಡಂ," ಎಂದರು ಆತ. "ಇಡೀ ಡಿಸ್ಕ್‌ಗೇ ಹಾಕ್ಬುಡಿ. ಆಫ್ ಮಾಡಿದ್ ಮೇಲೆ ಯಾರ್ ಕೈಗ್ ಸಿಕ್ರೂ ಓದಕಾಗಲ್ಲ. ಇಲ್ಲಾಂದ್ರೆ ಬೇಕಾದ ಫೈಲ್‌ಗೆ ಮಾತ್ರ ಬೀಗ ಹಾಕಿ ಕ್ಲೌಡ್‌ಗೆ ಬುಡಿ. ಲ್ಯಾಪ್‌ಟಾಪ್ ಬಸ್ಸಲ್ಲಿ ಬಿಟ್ಟೋದ್ರೂ ಫೈಲ್ ಉಳ್ಕತದೆ."

"ಪಾಸ್‌ವರ್ಡ್ ಮರೆತರೆ?"

"ಆಗ ನಾನೂ ಏನೂ ಮಾಡಕಾಗಲ್ಲ. ಡಿಸ್ಕ್ ಬೀಗಕ್ಕೆ ಒಂದು ಉದ್ದದ ನಂಬರ್ ಬತ್ತದೆ. ಅದನ್ನ ಮನೇರ ಕೈಲಿ ಕೊಟ್ಟಿರಿ."

ಮನೆಯವರು ಎಂದರೆ ಇದ್ದದ್ದು ಅಕ್ಕ ಒಬ್ಬಳೇ. ಮದುವೆಯಾಗದ ನಾವಿಬ್ಬರೂ ಈ ಮನೆಯಲ್ಲಿ ಜೊತೆಗಿದ್ದೆವು. ಅವಳು ಹೋಗಿ ಎರಡು ವರ್ಷ. ನನ್ನ ನಂತರ ಈ ಲ್ಯಾಪ್‌ಟಾಪ್ ಪಾಂಡವಪುರದ ತಮ್ಮನ ಮಕ್ಕಳ ಪಾಲಾಗುತ್ತದೆ. ತಮ್ಮ ದೊಡ್ಡತ್ತೆಯಾದ ಅಕ್ಕನ ಬಗ್ಗೆ ನಾನು ಬರೆದದ್ದನ್ನು ಅವರು ಓದುವುದು ನನಗೆ ಬೇಡ. ಅಳಿಸಲೂ ಮನಸ್ಸಿಲ್ಲ. ನನ್ನ ನೆನಪನ್ನು ನಾನು ನಂಬುವುದಿಲ್ಲ, ದಿನಚರಿ ಇಟ್ಟಿರುವುದೇ ಅದಕ್ಕೆ.

ಮೊದಲು ಕ್ಲೌಡ್ ಎಂದುಕೊಂಡೆ. ಭಾನುವಾರ ಬೆಳಿಗ್ಗೆ ಫೈಲುಗಳನ್ನು ಆರಿಸಲು ಕುಳಿತೆ. ಪಾಸ್‌ವರ್ಡಿಗೆ ಎಂದೂ ಮರೆಯದ ಸಂಗತಿಯೊಂದು ಬೇಕಿತ್ತು. ಕರಿಘಟ್ಟದ ಬೆಟ್ಟಕ್ಕೆ ಹೋದ ದಿನ ನೆನಪಾಯಿತು. ಅರ್ಧ ಮೆಟ್ಟಿಲಲ್ಲಿ ಅಕ್ಕನಿಗೆ ಸುಸ್ತಾಗಿ, ಇಬ್ಬರೂ ಅಲ್ಲೇ ಕುಳಿತು ಕೆಳಗಿನ ಲೋಕಪಾವನಿ ಹೊಳೆ ನೋಡುತ್ತಾ ಸೀಬೆಹಣ್ಣು ತಿಂದು ಮರಳಿದ್ದೆವು. ಖಾತ್ರಿಗೆಂದು ಆ ದಿನದ ಪುಟ ತೆಗೆದೆ. "ಅಕ್ಕ ಅರ್ಧದಲ್ಲೇ ಕುಳಿತಳು. ನಾನೊಬ್ಬಳೇ ಮೇಲೆ ಹೋಗಿ ಬಂದೆ. ಬಸ್ಸಿನಲ್ಲಿ ಮಾತಾಡಲಿಲ್ಲ." ಸೀಬೆಹಣ್ಣಿನ ಸುದ್ದಿಯೇ ಇಲ್ಲ.

ಸಿಟ್ಟಿನಲ್ಲಿ ಬರೆದ ಪುಟವೂ ಸುಳ್ಳು ಹೇಳಬಹುದು, ನಿಜ. ಆದರೆ ಸಂಜೆಯ ಹೊತ್ತಿಗೆ ನಾನೇನು ಮಾಡಿದ್ದೆನೆಂದು ನೋಡಿದರೆ, ಕ್ಲೌಡಿಗೆಂದು ಆರಿಸಿಟ್ಟ ಗುಂಪಿನಲ್ಲಿ ನಾನು ಒಳ್ಳೆಯವಳಾಗಿದ್ದ ದಿನಗಳೇ ತುಂಬಿದ್ದವು. ಕರಿಘಟ್ಟದ ಪುಟ ಅದರಲ್ಲಿರಲಿಲ್ಲ. ಆರಿಸುವ ಕೆಲಸ ನನ್ನ ಕೈಗೆ ಸಿಗಬಾರದು. ಇಡೀ ಡಿಸ್ಕಿಗೇ ಬೀಗ ಹಾಕಿದೆ. ಡಿಸ್ಕ್ ಕೆಟ್ಟರೆ ಒಟ್ಟಿಗೇ ಹೋಗುತ್ತದೆ ಎಂದು ಗೊತ್ತಿದೆ. ಹೋದರೆ ಅಕ್ಕ ಮಾಡಿದ ಉಪಕಾರ, ನಾನು ಆಡಿದ ಮಾತು ಎರಡೂ ಹೋಗಲಿ.

ನಲವತ್ತೆಂಟು ಅಂಕಿ ಬಂದವು. ಚೀಟಿಯಲ್ಲಿ ಬರೆದು ಮಡಚಿಕೊಂಡು ಎರಡು ದಿನ ಓಡಾಡಿದೆ. ಕೊನೆಗೆ ಎದುರು ಮನೆಗೆ ಹೋದೆ. ನಮ್ಮ ಬೀದಿಯಲ್ಲಿ ಊರಿಗೆ ಹೊರಟವರು ಮನೆಯ ಬೀಗದ ಕೈಯನ್ನು ಎದುರು ಮನೆಗೆ ಕೊಟ್ಟೇ ಹೋಗುವುದು. ನಮ್ಮದು ಆ ಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ಸದಾ ಇರುತ್ತದೆ. ಆ ಮನೆಯಾಕೆ ಡೈರಿಗೆ ಹಾಲು ಹಾಕಿ ಆಗಷ್ಟೇ ಬಂದಿದ್ದರು.

"ಇದ್ಯಾವ ದೇಸದ ಫೋನ್ ನಂಬ್ರು ಮೇಡಮ್ಮೋರೆ, ಇಷ್ಟುದ್ದ?"

"ಫೋನಿಂದಲ್ಲ. ನನ್ನ ಲ್ಯಾಪ್‌ಟಾಪಿನ ಬೀಗದ ಕೈ."

"ಅಂಗಾ? ಇರ್ಲಿ ಬುಡಿ," ಎಂದು ಚೀಟಿಯನ್ನು ಸುರುಳಿ ಸುತ್ತಿ ನಮ್ಮ ಮನೆಯ ಬೀಗದ ಕೈಯ ರಿಂಗಿಗೇ ದಾರದಿಂದ ಕಟ್ಟಿದರು. ಮನೆಗೂ ಡಿಸ್ಕಿಗೂ ಒಂದೇ ಮೊಳೆ. ಅಂಗಡಿಯಾತ ಕಂಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ನಾನು ಬಿಚ್ಚಿಸಲಿಲ್ಲ.

ಆಮೇಲೆ ಆಕೆ ಎಂದಿನಂತೆ ಕೇಳಿದರು. "ಯಾರ್ ಬಂದ್ರೆ ಕೊಡ್ಲಿ?"

"ಅಕ್ಕ ಬಂದರೆ," ಎನ್ನುವುದು ಬಾಯಿಗೆ ಬಂದುಬಿಟ್ಟಿತ್ತು. ನುಂಗಿಕೊಂಡೆ.

"ಯಾರೂ ಬರಲ್ಲ. ನಾನು ಮರೆತು ಬಂದರೆ ನನಗೇ ಕೊಡಿ."

"ಮರೆತ್ರೂ ನಿಮ್ಮ ಗುರ್ತು ನಂಗೈತಲ್ಲ, ಬುಡಿ," ಎಂದು ಆಕೆ ಹಾಲಿನ ಕ್ಯಾನು ತೊಳೆಯಲು ಹಿತ್ತಲಿಗೆ ಹೋದರು.