ಕಹಿ ಹಾಗಲಕಾಯಿಯೇ ಬೇಕೆಂದ ಅಪ್ಪ

ಗೆಳೆಯರೇ, ಇವತ್ತು ಬೆಳಿಗ್ಗೆ ರಾಣೇಬೆನ್ನೂರು ಮಾರ್ಕೆಟ್ಟಿನಲ್ಲಿ ನಮ್ಮ ಅಪ್ಪ ಹಾಗಲಕಾಯಿಗಾಗಿ ಜಗಳ ತೆಗೆದರು.

"ಎಳೇವು ಅದಾವ್ರಿ ಯಜಮಾನ್ರ, ಕಹಿ ಕಡಿಮಿ," ಎಂದು ಕಾಯಿಪಲ್ಯ ಮಾರುವಾಕೆ ಪಾಪ, ಒಳ್ಳೆಯ ಮನಸ್ಸಿನಿಂದಲೇ ಆರಿಸಿ ಕೊಟ್ಟಳು.

"ಕಡಿಮಿ ಯಾರಿಗೆ ಬೇಕವಾ? ಭಾಳ ಕಹಿ ಇರೋವ ಕೊಡು!"

ಅವ್ವನಿಗೆ ಕ್ಯಾನ್ಸರ್ ಎಂದು ತಿಳಿದ ದಿನದಿಂದ, ಆಸ್ಪತ್ರೆಯ ಔಷಧದ ಜೊತೆಗೆ ಅಪ್ಪ ದಿನಾ ಒಂದು ಲೋಟ ಹಾಗಲರಸ ಕುಡಿಸುತ್ತಿದ್ದರು. ಕಹಿ ಹೆಚ್ಚಿದಷ್ಟೂ ಗುಣ ಹೆಚ್ಚು ಎಂದು ಕದರಮಂಡಲಗಿಯ ಯಾರೋ ಹೇಳಿದ್ದರಂತೆ. ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು, "ಅಷ್ಟೇನ ಕಹಿ ಇಲ್ಲ ಬಿಡ್ರಿ," ಎನ್ನುತ್ತಿದ್ದಳು. ಅವಳು ಹೋಗಿ ನಾಲ್ಕು ತಿಂಗಳಾಯಿತು.

"ಅಪ್ಪಾ, ಈಗ ಯಾರಿಗೆ?" ಎಂದೆ ಮೆಲ್ಲಗೆ.

"ನನಗ. ಅಕಿಗೆ ಅಷ್ಟು ದಿನ ಕುಡಿಸೇನಿ, ನಾ ಒಮ್ಮೇನೂ ರುಚಿ ನೋಡಿಲ್ಲ."

ಮನೆಗೆ ಬಂದವರು ತಾವೇ ಅರೆದು, ಸೋಸಿ, ಅವ್ವನ ಲೋಟಕ್ಕೇ ಸುರಿದುಕೊಂಡರು. ಒಂದೇ ಗುಟುಕಿಗೆ ಮುಖ ಕಿವುಚಿಕೊಂಡರು, ಕಣ್ಣಲ್ಲಿ ನೀರು ಬಂತು. ಬೆಲ್ಲ ಕೊಡಹೋದೆ, ಬೇಡವೆಂದರು. ಆಮೇಲೆ ಲೋಟ ನೋಡುತ್ತಾ ಬೈದರು: "ಖರೇ ಹೇಳಾಕ ಏನಾಗಿತ್ತ ನಿನಗ?"

ನಲವತ್ತು ವರ್ಷದ ಸಂಸಾರದಲ್ಲಿ ಅವ್ವನ ಸುಳ್ಳು ಸಿಕ್ಕಿಬಿದ್ದದ್ದು ಇದೇ ಮೊದಲು. ಬೈಸಿಕೊಳ್ಳಲು ಅವಳೇ ಇಲ್ಲ.