ಅಜ್ಜಿಯ ಡೀಸೆಲ್ ಮನೆ

ಚಳಿಗಾಲದ ಬೆಳಗ್ಗೆ ಹಳೆಯ ಡೀಸೆಲ್ ಗಾಡಿಯೊಂದು ಕೆಮ್ಮಿ ಕೆಮ್ಮಿ ಉಗುಳುವ ಮೊದಲ ಕರಿಹೊಗೆ ಇದೆಯಲ್ಲ, ಅದಕ್ಕೆ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಮಾತ್ರ ನಿಂತು ಒಂದು ಸಲ ಒಳಗೆ ಎಳೆದುಕೊಳ್ಳುತ್ತೇನೆ. ಆ ಹೊಗೆಯಲ್ಲಿ ನನಗೆ ವಿಭೂತಿ, ಬಿಸಿ ಅಕ್ಕಿರೊಟ್ಟಿ, ಅಜ್ಜಿಯ ಕಂಬಳಿ ಎಲ್ಲವೂ ಸಿಗುತ್ತವೆ. ನಿಮಗೂ ಇಂಥದ್ದೊಂದು ವಾಸನೆ ಇದ್ದೇ ಇರುತ್ತದೆ. ನಗುತ್ತಾರೆಂದು ಯಾರಿಗೂ ಹೇಳಿರುವುದಿಲ್ಲ, ಅಷ್ಟೆ. ಹಾರೋಹಳ್ಳಿಯ ಕಾರ್ಖಾನೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಫಿಟರ್ ಸಲೀಮ, ರಾಮನಗರದ ರೇಷ್ಮೆ ನೂಲು ತೆಗೆಯುವವರ ಮನೆಯವನು, ಹೆಂಡತಿ ಮಕ್ಕಳೊಂದಿಗೆ ಊರೂರು ಸುತ್ತಲು ಮಲಗುವ ವ್ಯಾನೊಂದನ್ನು ಹುಡುಕುತ್ತಿದ್ದ. ಉಯ್ಯಂಬಳ್ಳಿಯಲ್ಲಿ ನನ್ನ ಸೋದರತ್ತೆ ಗೌರತ್ತೆಯ ಅಂಗಳದಲ್ಲಿ ನಮ್ಮದೊಂದು ನಿಂತಿದೆಯೆಂದು ಯಾರೋ ಅವನ ಕಿವಿಗೆ ಹಾಕಿದ್ದರು. "ಅಕ್ಕಾ, ಹಳೇ ಡೀಸೆಲ್ ಗಾಡಿ ಇಟ್ಕೊಂಡ್ರೆ ಒಳ್ಳೇದೇನು, ಕೆಟ್ಟದ್ದೇನು, ನಿಜ ಹೇಳ್ಬಿಡಿ. ಆಮೇಲೆ ಕೊಡೋದಾದ್ರೆ ನಂಗೇ ಕೊಡಿ" ಎಂದ. ಅಪ್ಪ ಹೋದ ಮೇಲೆ ಗಾಡಿ ನನ್ನ ಹೆಸರಿಗೇ ಬಂದಿತ್ತು. ಆದರೆ ಗೌರತ್ತೆಯನ್ನು ಕೇಳಬೇಕಲ್ಲ?

ಕೆಟ್ಟದ್ದನ್ನೇ ಮೊದಲು ಹೇಳಿದೆ. ಬೆಳಗ್ಗೆ ಕೀಲಿ ತಿರುಗಿಸಿ, ಹೀಟರಿನ ಸುರುಳಿ ಕೆಂಪಗಾಗುವವರೆಗೆ ಕೈಕಟ್ಟಿ ಕೂರಬೇಕು. ಅಷ್ಟಾದರೂ ಮನಸ್ಸು ಬಂದರೆ ಹೊರಡುತ್ತದೆ, ಇಲ್ಲವಾದರೆ ಜಪ್ಪಯ್ಯ ಅಂದರೂ ಇಲ್ಲ. ಆದ್ದರಿಂದ ಎಲ್ಲಿ ಹೋದರೂ ಇಳಿಜಾರು ನೋಡಿಯೇ ನಿಲ್ಲಿಸಬೇಕು. ಸದ್ದು ಎಷ್ಟೆಂದರೆ ಒಳಗಿದ್ದವರು ಪಕ್ಕದಲ್ಲೇ ಕೂತು ಕಿರುಚಾಡಬೇಕು. ನಮ್ಮ ಮನೆಯವರೆಲ್ಲ ಇವತ್ತಿಗೂ ಜೋರುಬಾಯಿಯವರಾಗಿರುವುದು ಆ ಗಾಡಿಯಿಂದಲೇ ಎಂದು ನನ್ನ ಗಂಡನ ಗುಮಾನಿ. ಹಾಸಿಗೆಗೆ ಹತ್ತಿದ ಡೀಸೆಲ್ ವಾಸನೆ ಎಷ್ಟು ಒಗೆದರೂ ಹೋಗುವುದಿಲ್ಲ. ಮಳೆ ಬಂದರೆ ಮಾಡು ಸೋರುತ್ತದೆ. ಹಳೆಯ ಗಾಡಿಯೆಂದು ಕಾಗದಪತ್ರದ ಕಾಟ ಬೇರೆ. ಇನ್ನು ಒಳ್ಳೆಯದು: ಯಾವ ಹಳ್ಳಿಯಲ್ಲಿ ಕೆಟ್ಟರೂ ಟ್ರ್ಯಾಕ್ಟರ್ ರಿಪೇರಿ ಮಾಡುವವನೊಬ್ಬ ಸ್ಪ್ಯಾನರ್ ಹಿಡಿದು ಬಂದರೆ ಸಾಕು. ಎಂಜಿನ್ನು ಅಪ್ಪನ ಸೀಟಿನ ಪಕ್ಕದಲ್ಲೇ, ಒಂದು ಮುಚ್ಚಳದ ಕೆಳಗೆ. ಅಜ್ಜಿ ರೊಟ್ಟಿಯ ಗಂಟನ್ನು ಅದರ ಮೇಲಿಟ್ಟರೆ ಊರು ಮುಟ್ಟುವವರೆಗೂ ಬಿಸಿ ಆರುತ್ತಿರಲಿಲ್ಲ. ಅವಳು ಊದಿದ ಪಾದಗಳನ್ನೂ ಅಲ್ಲೇ ಇಟ್ಟುಕೊಂಡು, "ಒಲೆ ಮುಂದೆ ಕುಂತಂಗೈತೆ ಕಣ್ಲಾ" ಎನ್ನುತ್ತಿದ್ದಳು.

ಆ ವ್ಯಾನು ನಮಗೆ ಬಂದದ್ದೇ ಅಜ್ಜಿಯ ಒಂದು ಕಟ್ಟುನಿಟ್ಟಿನಿಂದ. ಕೊಟ್ಟ ಮಗಳ ಮನೆಯಲ್ಲಿ ತಾಯಿ ಊಟ ಮಾಡಬಹುದು, ರಾತ್ರಿ ತಂಗಬಾರದು. ಅವಳ ಅವ್ವ ಹಾಗಿದ್ದಳು, ಅವಳೂ ಹಾಗೇ. ನಮ್ಮ ಮನೆ ಮಾಗಡಿ ಕಡೆ ತಿಪ್ಪಸಂದ್ರದಲ್ಲಿ. ಅಜ್ಜಿಯ ಒಬ್ಬಳೇ ಮಗಳು ಗೌರತ್ತೆಯನ್ನು ಕೊಟ್ಟದ್ದು ಕನಕಪುರದಿಂದಲೂ ಆಚೆ ಉಯ್ಯಂಬಳ್ಳಿಗೆ. ಬಸ್ಸು ಬದಲಿಸಿ ಬದಲಿಸಿ ಹೋಗಿ ಸೇರುವಷ್ಟರಲ್ಲಿ ವಾಪಸು ಹೊರಡುವ ಹೊತ್ತು. ಅತ್ತೆ ಕಾಮಾಲೆಯಾಗಿ ಮಲಗಿದ್ದಾಗಲೂ ಅಜ್ಜಿ ಹೋಗಿ, ತಲೆ ನೇವರಿಸಿ, ದೀಪ ಹಚ್ಚುವ ಮೊದಲೇ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅತ್ತಳಂತೆ. ಅಪ್ಪ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಎಲ್ಲಿಂದಲೋ ಈ ಹಳೆಯ ವ್ಯಾನು ತಂದು, ಎರಡು ಮಂಚ ಹೊಡೆಸಿ, ಅಜ್ಜಿಯ ಲಿಂಗಪೂಜೆಗೊಂದು ಹಲಗೆ ಕೂರಿಸಿ, "ಇದು ನಿನ್ ಮನೆ ಕಣವ್ವ. ಎಲ್ ನಿಲ್ಸಿದ್ರೂ ನಿನ್ ಮನೇಲೇ ನೀನು ಮಲಗ್ದಂಗಾಯ್ತು. ಇನ್ನೇನ್ ತಕರಾರು?" ಎಂದ. ಅಜ್ಜಿ ಒಂದು ದಿನವೆಲ್ಲ ಯೋಚಿಸಿದಳು. ಆಮೇಲೆ ಒಳಗೆ ಸ್ಟವ್ ಹಚ್ಚಿ ಹಾಲುಕ್ಕಿಸಿದಳು, ಮೆಟ್ಟಿಲಿಗೆ ಅರಿಶಿನ ಕುಂಕುಮ ಇಟ್ಟಳು. ಅಲ್ಲಿಗೆ ಗೃಹಪ್ರವೇಶ ಮುಗಿಯಿತು.

ಶಾಲೆಗೆ ರಜೆ ಬಂದರೆ ನಾನೂ ಹತ್ತುತ್ತಿದ್ದೆ. ಮೊದಮೊದಲು ಅಪ್ಪ ಅತ್ತೆಯ ಮನೆಯ ಮುಂದಿನ ಇಳಿಜಾರಿನಲ್ಲೇ ನಿಲ್ಲಿಸುತ್ತಿದ್ದ. ಬೆಳಗ್ಗೆ ಬ್ರೇಕು ಬಿಟ್ಟರೆ ಉರುಳಿಕೊಂಡು ಸ್ಟಾರ್ಟ್ ಆಗುತ್ತಿತ್ತು, ನಾವು ಹೊರಟುಬಿಡುತ್ತಿದ್ದೆವು. ಒಂದು ಸಲ ಅಜ್ಜಿ, "ಅಲ್ಲಿ ಮಲಗಿದ್ರೆ ಜಾರ್ದಂಗಾಯ್ತದೆ. ಒಳಿಕ್ಕೆ, ಬೇವಿನ ಮರದ ಕೆಳ್ಗೆ ಮಟ್ಟವಾಗೈತೆ, ಅಲ್ ನಿಲ್ಸ್ಲಾ" ಎಂದಳು. ಮರುದಿನ ಗಾಡಿ ಹೊರಡಲಿಲ್ಲ. ಮಾವನೂ ಅಕ್ಕಪಕ್ಕದವರೂ ತಳ್ಳಿ ಸುಸ್ತಾದರು. ಮೆಕ್ಯಾನಿಕ್ಕು ಕನಕಪುರದಿಂದ ಬರುವುದು ಅವನಿಗೆ ಪುರಸೊತ್ತಾದಾಗ. "ಏನ್ ಮಾಡಕ್ಕಾಯ್ತದೆ, ಗಾಡಿನೇ ಒಲ್ಲೆ ಅಂತದೆ" ಎನ್ನುತ್ತ ಅಜ್ಜಿ ಅತ್ತೆಯ ತಲೆಗೆ ಎಣ್ಣೆ ಹಚ್ಚಲು ಕೂತಳು. ಆಮೇಲಿಂದ ಪ್ರತಿ ಸಲವೂ ಬೇವಿನ ಮರವೇ. ಅಪ್ಪನಿಗೆ ಗೊತ್ತಾಗದೆ ಇದ್ದೀತೆ? "ಹಳೇ ಡೀಸೆಲ್ ಕಣವ್ವ, ಅದ್ರ್ ಇಷ್ಟ" ಎಂದು ತಾನೂ ಟವೆಲ್ ಹಾಸಿ ಅಡ್ಡಾಗುತ್ತಿದ್ದ. ಕೊನೆಗೂ ಹೊರಡುವ ದಿನ ಅತ್ತೆ ವ್ಯಾನಿನೊಳಗೆ ಹತ್ತಿ ಸೆರಗೊಡ್ಡಿ ಕೂರುತ್ತಿದ್ದಳು. ಅಜ್ಜಿ ಅಕ್ಕಿ, ಕಾಯಿ, ಬೆಲ್ಲ ಹಾಕಿ ಮಡಿಲು ತುಂಬುತ್ತಿದ್ದಳು. ತವರು ಬರಿದಾಗಬಾರದೆಂದು ಅತ್ತೆ ಅದರಲ್ಲೊಂದು ಹಿಡಿ ಅಕ್ಕಿಯನ್ನು ಮಂಚದ ಮೇಲೆ ಬಿಟ್ಟು, ತವರಿನಿಂದ ಇಳಿದು, ನಾಲ್ಕು ಹೆಜ್ಜೆಯಲ್ಲಿ ಗಂಡನ ಮನೆ ಸೇರುತ್ತಿದ್ದಳು. ಆಗ ನಮಗೆ ಅದು ತಮಾಷೆ.

ಅಜ್ಜಿ ಹೋದಳು. ತಿಪ್ಪಸಂದ್ರದ ಮನೆ ಪಾಲಾಗಿ, ಕೆಡವಿದರು. ಅಪ್ಪ ವ್ಯಾನನ್ನು ಕೊನೆಯ ಸಲ ಉಯ್ಯಂಬಳ್ಳಿಗೆ ಓಡಿಸಿ, ಬೇವಿನ ಮರದ ಕೆಳಗೆ ಬಿಟ್ಟು, ಬಸ್ಸಿನಲ್ಲಿ ವಾಪಸು ಬಂದ. ಆಮೇಲೆ ಅಪ್ಪನೂ ಹೋದ. ನನಗೆ ಉಳಿದದ್ದು ಒಂದು ಕೀಲಿ.

ಮೊನ್ನೆ ಭಾನುವಾರ ಸಲೀಮನೊಂದಿಗೆ ಹೋದೆ. ಚಕ್ರದ ಗಾಳಿ ಇಳಿದಿತ್ತು, ಮಾಡಿನ ಮೇಲೆ ಬೇವಿನೆಲೆ ರಾಶಿ. ಆದರೆ ಒಳಗೆ ಕಸವಿಲ್ಲ, ಧೂಳಿಲ್ಲ. ಮೆಟ್ಟಿಲಿಗೆ ಹಸಿ ಕುಂಕುಮ. ಮಾವ ನಕ್ಕ. "ನಿಮ್ಮತ್ತೆ ಬೇಜಾರಾದ್ರೆ ತವರ್ಗೋಗಿ ಬತ್ತೀನಿ ಅಂತ ಇದ್ರಾಗೇ ಬಂದು ಮಲಗ್ತಾಳೆ ಕಣವ್ವ." ಗಾಡಿ ಕೇಳಲು ಬಂದದ್ದನ್ನು ನಾನು ಆಗಲೇ ಹೇಳಿಬಿಟ್ಟಿದ್ದೆ. "ಬೇಡ ಬಿಡತ್ತೆ, ಇಲ್ಲೇ ಇರ್ಲಿ" ಎಂದೆ. ಸಲೀಮನೂ ತಲೆಯಾಡಿಸಿದ. ಅತ್ತೆ ಬಾಗಿಲ ಕೀಲನ್ನು ಮುಟ್ಟಿ ನೋಡಿದಳು, ತುಕ್ಕು ಕೈಗೆ ಬಂತು. "ಮಳೆ ಬಂದ್ರೆ ಒಳ್ಗೆಲ್ಲ ಸೋರ್ತದೆ. ನನ್ ಕಣ್ ಮುಂದೆ ನಮ್ಮವ್ವನ್ ಮನೆ ತುಕ್ಕಿಡ್ದು ಉದುರೋದ್ ಬ್ಯಾಡ. ಇವನ್ ಮಕ್ಳು ಮಲಗ್ಲಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಬರೀ ಮಡ್ಲಲ್ಲಿ ಮಾತ್ರ ಇಳಿಸ್ಬ್ಯಾಡ" ಎಂದಳು. ಅವಳ ಅಡುಗೆಮನೆಯ ಅಕ್ಕಿ ಆಗುವುದಿಲ್ಲ, ತವರಿನದೇ ಬೇಕು. ಊರಿನ ಅಂಗಡಿಗೆ ಓಡಿ ನನ್ನ ದುಡ್ಡಲ್ಲಿ ಅಕ್ಕಿ, ಕಾಯಿ, ಬೆಲ್ಲ ತಂದೆ. ಅಜ್ಜಿ ಕೂರುತ್ತಿದ್ದ ಜಾಗದಲ್ಲಿ ನಾನು ಕೂತು ಮಡಿಲು ತುಂಬಿದೆ. ಅತ್ತುಬಿಟ್ಟೆ. ಅತ್ತೆ ಅಳಲಿಲ್ಲ. ಒಂದು ಹಿಡಿ ಅಕ್ಕಿಯನ್ನು ಮಂಚದ ಮೇಲೆ ಬಿಟ್ಟು ಇಳಿದಳು.

ಸಲೀಮ ಗಾಳಿ ತುಂಬಿಸಿ, ಹೊಸ ಡೀಸೆಲ್ ಹಾಕಿ, ತಾನು ತಂದಿದ್ದ ಬ್ಯಾಟರಿ ಕೂರಿಸಿ ಎಷ್ಟು ಒದ್ದಾಡಿದರೂ ಅದು ಜಪ್ಪಯ್ಯ ಅನ್ನಲಿಲ್ಲ. ಮಟ್ಟಜಾಗ ನೋಡಿ! ಇಳಿಜಾರಿನವರೆಗೆ ತಳ್ಳಲೇಬೇಕಾಯಿತು. ಸಲೀಮ ಸ್ಟೀರಿಂಗ್ ಹಿಡಿದು ಕೂತ. ನಾನು, ಮಾವ, ಬೀದಿಯವರು ಸೇರಿ ತಳ್ಳಿದರೆ ಚಕ್ರ ಅರ್ಧ ಸುತ್ತು ಹೋಗಿ ಹಿಂದಕ್ಕೇ ಬಂತು. ಆಗ ಅತ್ತೆ ಮಡಿಲಿನ ಸೆರಗನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡು ಬಂದು, ನನ್ನ ಪಕ್ಕದಲ್ಲಿ ಎರಡೂ ಕೈ ಊರಿದಳು. ಈ ಗಾಡಿ ಹೊರಡದಿರಲಿ ಎಂದು ಅಷ್ಟು ವರ್ಷ ದೇವರಿಗೆ ಕೈಮುಗಿದವಳು, "ತಳ್ರವ್ವ, ಇನ್ನೊಸಿ, ಇನ್ನೊಸಿ" ಎಂದಳು. ವ್ಯಾನು ಇಳಿಜಾರಿಗೆ ಬಿತ್ತು, ಕೆಮ್ಮಿತು, ನಮ್ಮೆಲ್ಲರ ಮುಖಕ್ಕೆ ಕರಿಹೊಗೆ ಉಗುಳಿ ಓಡಿತು. ಎಲ್ಲರೂ ಮೂಗು ಮುಚ್ಚಿಕೊಂಡರು. ಅತ್ತೆ ಹೊಗೆಯೊಳಗೇ ನಿಂತು, ಒಂದು ಸಲ ಉಸಿರೆಳೆದುಕೊಂಡಳು.

"ಅವ್ವ ಹೊಂಟ್ಲು" ಎಂದಳು.